ಮೈನಸ್ 25ರಲ್ಲಿ ಎಲೆಕ್ಟ್ರಿಕ್ ಕಾರು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜನವರಿ ಯಾವ ಕಾರಿಗೂ ಸುಖದ ತಿಂಗಳಲ್ಲ. 2019ರ ಜನವರಿ 30ರಂದು ಇಲ್ಲಿ ಉಷ್ಣತೆ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಪೆಟ್ರೋಲ್ ಕಾರುಗಳೇ ಸ್ಟಾರ್ಟ್ ಆಗದೆ ಸತಾಯಿಸುತ್ತವೆ. ಇಂಥ ಊರಲ್ಲಿದ್ದುಕೊಂಡು ನಾನು ಎಲೆಕ್ಟ್ರಿಕ್ ಕಾರು ಕೊಂಡಾಗ ಮೈಸೂರಿನ ಭಾವ ಫೋನಿನಲ್ಲಿ ಕೇಳಿದ ಮೊದಲ ಮಾತು, “ಅಲ್ಲಯ್ಯಾ, ಚಳಿಗೆ ಅದು ಬಂದ್ ಆಗಲ್ವಾ?”

ಆಗಲ್ಲ ಭಾವ. ಬೆಳಿಗ್ಗೆ ಒತ್ತಿದ ತಕ್ಷಣ ಹೊರಡುತ್ತದೆ. ಆದರೆ ಓಡುವ ದೂರ ಕಡಿಮೆಯಾಗುತ್ತದೆ, ಅದೂ ಚೆನ್ನಾಗಿಯೇ ಕಡಿಮೆಯಾಗುತ್ತದೆ.

ಚಳಿಗೆ ಬ್ಯಾಟರಿ ಸೊರಗುವುದರಿಂದಲೇ ಇದೆಲ್ಲ ಆಗುವುದೆಂದು ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ಬ್ಯಾಟರಿಯೊಳಗಿನ ದ್ರಾವಣ ತಣ್ಣಗಾದಾಗ ಮಂದವಾಗುತ್ತದೆ, ಲಿಥಿಯಂ ಅಯಾನುಗಳು ನಿಧಾನವಾಗಿ ಹರಿಯುತ್ತವೆ, ಒಂದಷ್ಟು ಶಕ್ತಿ ಒಳಗೇ ಸೋರಿಹೋಗುತ್ತದೆ. ಆದರೆ ದೊಡ್ಡ ಖರ್ಚು ನಮ್ಮ ಕೈಕಾಲು ಬೆಚ್ಚಗಿಡುವುದರದ್ದು. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಹಾಕದೆ ಓಡಿಸಿದಾಗ ದೂರ ಸರಾಸರಿ ಶೇ. 12ರಷ್ಟು ಕುಗ್ಗಿತ್ತು, ಹೀಟರ್ ಹಾಕಿದಾಗ ಶೇ. 41. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ನಮ್ಮ ಚಳಿಗಾಲದ ಕಥೆ.

ಪೆಟ್ರೋಲ್ ಎಂಜಿನ್ ಉರಿಸುವ ಇಂಧನದಲ್ಲಿ ಬಹುಪಾಲು ಶಾಖವಾಗಿ ಪೋಲಾಗುತ್ತದೆ. ಆ ಪೋಲಾದ ಬಿಸಿಯನ್ನೇ ಒಳಕ್ಕೆ ಊದಿಸಿಕೊಂಡು ನಾವು ಇಷ್ಟು ವರ್ಷ ಪುಕ್ಕಟೆ ಬೆಚ್ಚಗಿದ್ದೆವು. ಎಲೆಕ್ಟ್ರಿಕ್ ಮೋಟರ್‌ನಲ್ಲಿ ಹಾಗೆ ಪೋಲಾಗುವುದು ತೀರಾ ಕಡಿಮೆ. ಹಾಗಾಗಿ ಬಿಸಿಯನ್ನು ಬ್ಯಾಟರಿಯಿಂದಲೇ ಕೊಳ್ಳಬೇಕು. ಹೊರಗಿನ ಗಾಳಿಯ ಬಿಸಿಯನ್ನು ಒಳಕ್ಕೆಳೆಯುವ ಹೀಟ್ ಪಂಪ್ ಇರುವ ಕಾರಾದರೆ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಆದರೆ ಮೈನಸ್ 20 ದಾಟಿದ ಮೇಲೆ ಅದರ ಲಾಭವೂ ಕರಗುತ್ತಾ ಬರುತ್ತದೆ. ಸೀಟಿನ ಹೀಟರ್‌ಗೆ ಸಾಕಾಗುವುದು ನೂರು ವಾಟ್‌ನ ಆಸುಪಾಸು. ಇಡೀ ಕ್ಯಾಬಿನ್ ಕಾಯಿಸಲು ಕೆಲವು ಕಿಲೋವಾಟ್ ಬೇಕು. ನಾನು ಒಬ್ಬನೇ ಇದ್ದರೆ ಸೀಟು ಮತ್ತು ಸ್ಟೀರಿಂಗ್ ಬಿಸಿಮಾಡಿಕೊಂಡು ಹೋಗುತ್ತೇನೆ. ಹೆಂಡತಿ ಜೊತೆಗಿದ್ದರೆ ಈ ಲೆಕ್ಕಾಚಾರ ನಡೆಯುವುದಿಲ್ಲ.

ವಿಚಿತ್ರವೆಂದರೆ, ದೂರದ ಪ್ರಯಾಣಕ್ಕಿಂತ ಊರೊಳಗಿನ ಚಿಕ್ಕಪುಟ್ಟ ಓಡಾಟಕ್ಕೇ ಕಿಲೋಮೀಟರಿನ ಲೆಕ್ಕದಲ್ಲಿ ಹೆಚ್ಚು ಕರೆಂಟ್ ಹೋಗುತ್ತದೆ. ದಿನಸಿ ಅಂಗಡಿ, ಮಗಳ ಈಜಿನ ತರಗತಿ, ಮತ್ತೆ ಮನೆ: ಪ್ರತಿ ಸಲವೂ ತಣ್ಣಗಾದ ಕಾರನ್ನು ಹೊಸದಾಗಿ ಕಾಯಿಸಬೇಕು. ಇದಕ್ಕೆ ನಾನು ಕಂಡುಕೊಂಡ ಒಳ್ಳೆಯ ಉಪಾಯ, ಪ್ಲಗ್‌ನಲ್ಲಿರುವಾಗಲೇ ಕಾಯಿಸಿಕೊಳ್ಳುವುದು. ಬೆಳಿಗ್ಗೆ ಏಳೂವರೆಗೆ ಹೊರಡುವುದೆಂದು ಕಾರಿಗೆ ಹೇಳಿಟ್ಟರೆ ಅಷ್ಟರೊಳಗೆ ಚಾರ್ಜ್ ಮುಗಿದು, ಬ್ಯಾಟರಿ ಬೆಚ್ಚಗಾಗಿ, ಗಾಜಿನ ಮೇಲಿನ ಹಿಮವೂ ಕರಗಿರುತ್ತದೆ. ಬಿಸಿಯ ಖರ್ಚು ಗೋಡೆಯ ಕರೆಂಟಿನದು.

ಡುಲೂತ್‌ಗೆ ಹೋಗುವಾಗ ಮಾತ್ರ ಲೆಕ್ಕ ಬೇರೆ. ನಮ್ಮಿಂದ ಸುಮಾರು 250 ಕಿಲೋಮೀಟರ್ ಉತ್ತರಕ್ಕೆ, ಸುಪೀರಿಯರ್ ಸರೋವರದ ದಡದ ಊರು. ಬೇಸಿಗೆಯಲ್ಲಿ ನಿಲ್ಲದೆ ಮುಟ್ಟುತ್ತೇವೆ. ಜನವರಿಯಲ್ಲಿ ಅರ್ಧದಾರಿಯ ಹಿಂಕ್ಲಿಯಲ್ಲಿ ಚಾರ್ಜಿಗೆಂದು ಇಳಿಯುವುದು ಖಾಯಂ. ಮೈನಸ್ 20ರ ಗಾಳಿ 20 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 15ರಷ್ಟು ಸಾಂದ್ರ, ಹೆದ್ದಾರಿಯ ವೇಗದಲ್ಲಿ ಅದನ್ನು ಸೀಳಿಕೊಂಡು ಹೋಗುವುದಕ್ಕೂ ಬ್ಯಾಟರಿಯೇ ತೆರಬೇಕು. ಫಾಸ್ಟ್ ಚಾರ್ಜರ್ ಮುಟ್ಟುವ ಅರ್ಧ ಗಂಟೆ ಮೊದಲೇ ನ್ಯಾವಿಗೇಶನ್‌ನಲ್ಲಿ ಅದನ್ನು ಹಾಕಿಕೊಂಡರೆ, ಈ ಸೌಲಭ್ಯವಿರುವ ಕಾರು ತಾನೇ ಬ್ಯಾಟರಿ ಕಾಯಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಚಾರ್ಜರ್ ಎಷ್ಟೇ ದೊಡ್ಡದಿರಲಿ, ಕಾರು ಕರೆಂಟನ್ನು ಗುಟುಕು ಗುಟುಕಾಗಿಯೇ ಕುಡಿಯುವುದು. ಅದಕ್ಕೂ ಕಾರಣವಿದೆ: ತಣ್ಣನೆಯ ಬ್ಯಾಟರಿಗೆ ಜೋರಾಗಿ ತುಂಬಿದರೆ ಲಿಥಿಯಂ ಒಳಗಿನ ಗ್ರಾಫೈಟ್ ವಿದ್ಯುದ್ವಾರದೊಳಕ್ಕೆ ಸೇರದೆ ಅದರ ಮೇಲೆ ಲೋಹವಾಗಿ ಕೂರುತ್ತದೆ, ಆ ಹಾನಿ ಬಹುಪಾಲು ಸರಿಹೋಗುವಂಥದ್ದಲ್ಲ. ಕಾರು ಹಟ ಮಾಡುತ್ತಿದೆ ಅನಿಸಿದರೂ ತನ್ನ ಆಯಸ್ಸು ಕಾಯ್ದುಕೊಳ್ಳುತ್ತಿರುತ್ತದೆ.

ಇದೇ ಕಾರಣಕ್ಕೆ, ಕಾಯಿಸದೆ ಹೊರಟ ಬೆಳಿಗ್ಗೆ ಆಕ್ಸಿಲರೇಟರ್‌ನಿಂದ ಕಾಲೆತ್ತಿದೊಡನೆ ಕಾರು ಎಂದಿನಂತೆ ತಾನೇ ನಿಧಾನವಾಗುವುದಿಲ್ಲ. ಬ್ರೇಕ್ ಹಿಡಿದಾಗಿನ ಶಕ್ತಿಯನ್ನು ತಣ್ಣನೆಯ ಬ್ಯಾಟರಿ ವಾಪಸ್ ತೆಗೆದುಕೊಳ್ಳಲೊಪ್ಪದು. ಹಿಮದ ರಸ್ತೆಯಲ್ಲಿ ಇದು ತಿಳಿದಿರಲೇಬೇಕು.

ನಿರ್ವಹಣೆಯಲ್ಲಿ ಆಯಿಲ್ ಬದಲಿಸುವ ತಾಪತ್ರಯವಿಲ್ಲ, ಆದರೆ ಬ್ರೇಕ್ ಮರೆಯುವಂತಿಲ್ಲ. ಬ್ಯಾಟರಿ ಬೆಚ್ಚಗಿರುವಾಗೆಲ್ಲ ಮೋಟರೇ ಕಾರನ್ನು ತಡೆಯುವುದರಿಂದ ಪ್ಯಾಡುಗಳಿಗೆ ಕೆಲಸ ಕಡಿಮೆ. ಇಲ್ಲಿ ರಸ್ತೆಗೆ ಸುರಿಯುವ ಉಪ್ಪು ಆ ಬಿಡುವಿನಲ್ಲೇ ತುಕ್ಕು ಹಿಡಿಸಿ ಕ್ಯಾಲಿಪರ್ ಬಿಗಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಶುಚಿಮಾಡಿ ಗ್ರೀಸ್ ಹಾಕಿಸುತ್ತೇನೆ. ಚಳಿ ಸ್ವಲ್ಪ ಬಿಟ್ಟ ದಿನ ಕಾರಿನ ಅಡಿಭಾಗ ತೊಳೆಸುತ್ತೇನೆ. ಟೈರಿನ ಗಾಳಿ ಪ್ರತಿ ಐದಾರು ಡಿಗ್ರಿ ಇಳಿತಕ್ಕೆ ಒಂದು ಪಿಎಸ್‌ಐ ಇಳಿಯುತ್ತದೆ, ಅದನ್ನೂ ನೋಡಿಕೊಳ್ಳಬೇಕು. ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರನ್ನು ಎಬ್ಬಿಸುವುದು 12 ವೋಲ್ಟಿನ ಪುಟ್ಟ ಬ್ಯಾಟರಿ. ಅದು ಹಳತಾಗಿದ್ದರೆ ನವೆಂಬರ್‌ನೊಳಗೆ ಬದಲಿಸಿಬಿಡುವುದು ವಾಸಿ.

ನಮಗಿಂತ ಉತ್ತರದ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ. 89ರಷ್ಟು ಪೂರ್ತಿ ಎಲೆಕ್ಟ್ರಿಕ್. ಚಳಿಯೇ ಅಡ್ಡಿಯಾಗಿದ್ದರೆ ಅಲ್ಲಿ ಅಷ್ಟು ಕಾರು ಹೋಗುತ್ತಿರಲಿಲ್ಲ. ಅಡ್ಡಿ ಇರುವುದು ಪ್ಲಗ್‌ನಲ್ಲಿ. ಮಾಮೂಲಿ 120 ವೋಲ್ಟಿನ ಸಾಕೆಟ್‌ನಲ್ಲಿ ರಾತ್ರಿಯಿಡೀ ಇಟ್ಟರೂ, ಕಡು ಚಳಿಯಲ್ಲಿ ಆ ಕರೆಂಟಿನ ಬಹುಪಾಲು ಬ್ಯಾಟರಿ ಕಾಯಿಸುವುದಕ್ಕೇ ಹೋಗಿಬಿಡಬಹುದು. ಆದ್ದರಿಂದ ಇತ್ತ ಕೆಲಸಕ್ಕೆ ಬರುವ ನಮ್ಮ ಹುಡುಗರು ಕೇಳಿದಾಗ ನಾನು ಹೇಳುವುದು ಇಷ್ಟೆ: ಮನೆಯಲ್ಲಿ ಗ್ಯಾರೇಜು, 240 ವೋಲ್ಟಿನ ಪ್ಲಗ್ ಎರಡೂ ಇದ್ದರೆ ಧೈರ್ಯವಾಗಿ ಕೊಳ್ಳಿ. ಅಪಾರ್ಟ್‌ಮೆಂಟಿನ ಬಯಲಲ್ಲಿ ನಿಲ್ಲಿಸುವವರಾದರೆ, ಈ ಊರಿನಲ್ಲಿ ಸದ್ಯಕ್ಕೆ ಬೇಡ.