ಕಾವಲುಗಾರರ ಸಮಾಲೋಚನೆ

ವಿಲ್ಸನ್ ಗಾರ್ಡನ್ನಿನ ಬೀದಿಯೊಂದರಲ್ಲಿ ಎ.ಟಿ.ಎಂ.ಗೆ ಕಾರ್ಡು ಹಾಕಿದಾಗ ಯಂತ್ರವು ತಾನಾಗಿ ಹಣ ನೀಡುವುದಿಲ್ಲ, ‘ಕೊಡಬಹುದೇ?’ ಎಂದು ಬ್ಯಾಂಕಿನ ಗಣಕಯಂತ್ರವನ್ನು ಕೇಳುತ್ತದೆ. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಲ್ಲಿ ಈ ಪ್ರಶ್ನೆಗೆ ಕಳ್ಳರು ನುಸುಳಿಸಿದ ತಂತ್ರಾಂಶವೇ ‘ಕೊಡು’ ಎಂದು ಉತ್ತರಿಸಿತು. ನಕಲಿ ಕಾರ್ಡುಗಳಿಂದ ಹಲವು ದೇಶಗಳಲ್ಲಿ ಹಣ ತೆಗೆಯಲಾಯಿತು. ಬೇರೆ ದಾರಿಯಿಂದ ಹೋದುದೂ ಸೇರಿ ಬ್ಯಾಂಕು ಸುಮಾರು 94 ಕೋಟಿ ರೂಪಾಯಿ ಕಳೆದುಕೊಂಡಿತು.

ಇಂತಹ ದಾಳಿಯನ್ನು ತಡೆಯುವ ಹೊಣೆ ಬ್ಯಾಂಕಿನ ಮುಖ್ಯ ಮಾಹಿತಿ ಸುರಕ್ಷತಾ ಅಧಿಕಾರಿಯದು. ವ್ಯಾಪಾರದಲ್ಲಿ ಬ್ಯಾಂಕುಗಳು ಪ್ರತಿಸ್ಪರ್ಧಿಗಳು. ಆದರೂ ಈ ಅಧಿಕಾರಿಗಳು ಒಂದೆಡೆ ಕುಳಿತು ಮಾತನಾಡಲೇಬೇಕು. ರಿಸರ್ವ್ ಬ್ಯಾಂಕು 1996ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಬ್ಯಾಂಕಿಂಗ್ ತಂತ್ರಜ್ಞಾನ ಅಭಿವೃದ್ಧಿ ಮತ್ತು ಸಂಶೋಧನಾ ಸಂಸ್ಥೆಯು ಅವರಿಗೆ ವೇದಿಕೆಯೊಂದನ್ನು ಒದಗಿಸಿದೆ. ಇಂತಹ ಮಾತುಕತೆಗೆ ಗ್ರಾಹಕರ ಹೆಸರು ಬೇಕಿಲ್ಲ. ಕಳ್ಳ ಬಂದ ದಾರಿ ತಿಳಿದರೆ ಸಾಕು. ಆದರೆ ತನ್ನ ಮನೆಗೆ ಕನ್ನ ಬಿದ್ದುದನ್ನು ನೆರೆಯವನಿಗೆ ಹೇಳುವುದು ಸುಲಭವೇ? ಹೇಳಿದರೆ ಜನರ ನಂಬಿಕೆ ಕುಂದೀತೆಂಬ ಅಂಜಿಕೆ. ಮುಚ್ಚಿಟ್ಟರೆ ಅದೇ ಕಳ್ಳ ನಾಳೆ ಪಕ್ಕದ ಗೋಡೆಯನ್ನೂ ಕೊರೆದಾನು.

ಎಲ್ಲರಿಗೂ ಸಮಾನವಾದ ಇನ್ನೊಂದು ತೊಡಕೂ ಇದೆ. ಹೊಸ ಸೇವೆ ಬೇಗ ಆರಂಭವಾಗಲೆಂದು ಅವಸರಪಡುವವರ ಕೈಕೆಳಗೇ ಇರುವ ಕಾವಲುಗಾರನು ‘ತಡೆಯಿರಿ’ ಎನ್ನಲಾರನು. ಈ ಅಧಿಕಾರಿಯು ಮಾಹಿತಿ ತಂತ್ರಜ್ಞಾನ ವಿಭಾಗದ ಮುಖ್ಯಸ್ಥನ ನೇರ ಅಧೀನದಲ್ಲಿರಕೂಡದೆಂದು ರಿಸರ್ವ್ ಬ್ಯಾಂಕಿನ 2023ರ ನಿರ್ದೇಶನವು ವಿಧಿಸಿದೆ. ಅವನಿಗೆ ವ್ಯಾಪಾರದ ಗುರಿಗಳನ್ನೂ ಒಪ್ಪಿಸುವಂತಿಲ್ಲ.