ಕವಳೆಯ ಬೇಲಿಯೂ ಅದರ ಕಾಯಿಯ ಉಪಯೋಗವೂ

ಆಂಡರ್ಸನ್‌ಪೇಟೆಯ ಸುತ್ತಣ ಮಳೆಯಾಶ್ರಯದ ಹೊಲಗಳಿಗೆ ಹಾಕುವ ಒಣಮುಳ್ಳಿನ ಬೇಲಿಯು ಹೆಚ್ಚು ಕಾಲ ಬಾಳದು. ಗೆದ್ದಲು ತಿಂದಮೇಲೆ ಪುನಃ ಮುಳ್ಳು ಕಡಿಯಬೇಕು. ಕವಳೆಯ ಬೇಲಿಯಾದರೋ ಸದಾ ಹಸುರಾಗಿದ್ದು, ಜೋಡಿಮುಳ್ಳುಗಳಿಂದ ದನಕುರಿಗಳನ್ನು ತಡೆದು, ಕಾಯಿಯನ್ನೂ ಕೊಡುವುದು. ಇದನ್ನು ತೆಲುಗರು ವಾಕ್ಕಾಯ ಎಂದೂ ತಮಿಳರು ಕಳಾಕ್ಕಾಯ್ ಎಂದೂ ಕರೆಯುವರು. ಮೂರು ಭಾಷೆಯ ಈ ಪೇಟೆಯಲ್ಲಿ ಮಾರುವವರು ಮೂರು ಹೆಸರುಗಳನ್ನೂ ತಿಳಿದಿರುವುದೊಳ್ಳೆಯದು.

ಬೀಜವು ಮೊಳೆಯುವ ಶಕ್ತಿಯನ್ನು ಬಹುಬೇಗ ಕಳೆದುಕೊಳ್ಳುವುದರಿಂದ, ಪೂರಾ ಮಾಗಿ ಕಪ್ಪಾದ ಹಣ್ಣಿನಿಂದ ತೆಗೆದು ತೊಳೆದ ಕೂಡಲೇ ಮಡಿಯಲ್ಲಿ ಬಿತ್ತತಕ್ಕದ್ದು. ಒಂದು ವರ್ಷದ ಸಸಿಗಳನ್ನು ಮುಂಗಾರಿನಲ್ಲಿ 2 ಅಡಿಗೊಂದರಂತೆ ನೆಡಬೇಕು. ನೀರು ನಿಲ್ಲುವ ಜಾಗವಾಗದು. ಕವಳೆಯು ಕಾಡುಗಿಡ, ತಾನೇ ಬೆಳೆಯುವುದೆಂದು ನಂಬಿ ನೆಟ್ಟು ಮರೆತರೆ ಬೇಲಿ ಕೆಟ್ಟಂತೆಯೇ. ಬೆಳೆದ ಗಿಡವು ಬರವನ್ನು ತಾಳುವುದು ನಿಜ. ಎಳೆಯ ಸಸಿಯು ತಾಳದು. ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೊಮ್ಮೆಯಾದರೂ ನೀರು ಹೊಯ್ದು, ಅದುವರೆಗೆ ಹಳೆಯ ಮುಳ್ಳುಬೇಲಿಯನ್ನು ತೆಗೆಯದೆ ಆಡುಗಳಿಂದ ಕಾಪಾಡಬೇಕು. ತುದಿ ಚಿವುಟಿದರೆ ಬುಡದಲ್ಲಿಯೇ ಕವಲೊಡೆದು ಒತ್ತಾಗುವುದು. ಸಾಮಾನ್ಯವಾಗಿ ಮೂರನೆಯ ವರ್ಷದಿಂದ ಕಾಯಿ ಬರುವುದು. ಪದೇಪದೇ ಕತ್ತರಿಸಿದ ಬೇಲಿಯಲ್ಲಿ ಕಾಯಿ ಕಡಮೆ. ಕೊಯ್ಲಾದಮೇಲೆ ಮಾತ್ರ ಸವರತಕ್ಕದ್ದು.

ಉಪ್ಪಿನಕಾಯಿಗೂ ಗೊಜ್ಜಿಗೂ ಹಸುರುಗಾಯಿಯೇ ಉತ್ತಮ. ಅದನ್ನು ಹೆಚ್ಚಿ ಉಪ್ಪುನೀರಿನಲ್ಲಿ ನೆನೆಯಿಟ್ಟರೆ ಅಂಟುಹಾಲು ಕಡಮೆಯಾಗುವುದು. ಆ ಹಾಲು ಬಟ್ಟೆಗೆ ತಗಲಿದರೆ ಕಲೆ ಹೋಗದೆಂಬುದನ್ನು ಕೊಯ್ಯುವ ಹೆಂಗಸರಿಗೆ ಮೊದಲೇ ಹೇಳಬೇಕು. ಕೆಂಪೇರಿದ ಕಾಯಿಯನ್ನು ಬೇಯಿಸಿ ಸೋಸಿದ ರಸಕ್ಕೆ ಸಕ್ಕರೆ ಹಾಕಿ ಕಾಯಿಸಿದರೆ ಒಳ್ಳೆಯ ಜೆಲ್ಲಿಯಾಗುವುದು. ಮಾಗಿದ ಹಣ್ಣು ಎರಡು ಮೂರು ದಿನಗಳಲ್ಲಿ ಕೆಡುವುದರಿಂದ ಸಂತೆಗೆ ಕಾಯಿಯನ್ನೇ ಕಳುಹಿಸುವುದು ಲೇಸು.