ಗಾಯಾಳುವಿನ ಸಾಕ್ಷ್ಯ ಮೇಲ್ಮನವಿಯಲ್ಲೂ ನಿಲ್ಲಬೇಕಾದರೆ

ಕಮಲಾಪುರದ ಕಡೆ ಬಾಳೆ ತೋಟದ ಬದುವಿನ ಜಗಳದಲ್ಲಿ ಕೊಡಲಿ ಬೀಸಿ ಒಬ್ಬರ ತಲೆ ಒಡೆದರು ಎಂದಿಟ್ಟುಕೊಳ್ಳಿ. ಕಲಬುರಗಿಯ ಸೆಷನ್ಸ್ ಕೋರ್ಟು ತೀರ್ಪು ಕೊಟ್ಟ ಮೇಲೆ ಸೋತವರು ಹೋಗುವುದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. 2008ರ ಜುಲೈಯಲ್ಲಿ ಸಂಚಾರಿ ಪೀಠ ಬರುವವರೆಗೆ ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಿತ್ತು. 2013ರಲ್ಲಿ ಪೀಠ ಕಾಯಂ ಆಯಿತು. ಅಲ್ಲಿ ಗಾಯಾಳುವನ್ನು ಸಾಮಾನ್ಯವಾಗಿ ಮತ್ತೆ ಕಟಕಟೆಗೆ ಕರೆಯುವುದಿಲ್ಲ. ನ್ಯಾಯಮೂರ್ತಿಗಳು ಓದುವುದು ಕೆಳಗಿನ ಕೋರ್ಟಿನ ಕಡತವನ್ನು. ಹಾಗಾಗಿ ಮೇಲ್ಮನವಿಯ ತಯಾರಿ ಹಲ್ಲೆಯಾದ ದಿನವೇ ಶುರುವಾಗಬೇಕು.

ಆಸ್ಪತ್ರೆ, ಠಾಣೆ

ವೈದ್ಯರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಬರೆಯುವಾಗ ಗಾಯ ಹೇಗಾಯಿತೆಂದು ಕೇಳುತ್ತಾರೆ. ಹೆದರಿ ‘ಬಿದ್ದೆ’ ಎಂದರೆ ಆ ಒಂದು ಮಾತು ಹೈಕೋರ್ಟಿನವರೆಗೂ ಬೆನ್ನು ಹತ್ತುತ್ತದೆ. ಠಾಣೆಯಲ್ಲಿ ಯಾರು ಹೊಡೆದರು, ಯಾವುದರಿಂದ, ಎಲ್ಲಿಗೆ, ರಾತ್ರಿಯಾಗಿದ್ದರೆ ಬೆಳಕು ಎಲ್ಲಿತ್ತು ಎಂಬುದೆಲ್ಲ ಬರಲಿ. ನೋಡದ್ದನ್ನು ‘ನೋಡಿಲ್ಲ’ ಎನ್ನಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ತನಿಖಾಧಿಕಾರಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಿಲ್ಲ, ಆದರೆ ಓದಿ ಹೇಳಿರೆಂದು ಕೇಳಲು ಸಂಕೋಚ ಬೇಡ. ಪಾಟೀಸವಾಲಿನಲ್ಲಿ ವಕೀಲರು ಎತ್ತಿ ತೋರಿಸುವುದು ಇದನ್ನೇ.

ಇನ್ನೊಂದು ಚಾಳಿ ನಮ್ಮಲ್ಲಿ ಹಳೆಯದು: ಹೊಡೆದವನ ಜತೆ ಅವನ ಅಣ್ಣ, ಮಾವ, ಮನೆಯಲ್ಲಿ ಮಲಗಿದ್ದ ಮುದುಕನ ಹೆಸರನ್ನೂ ಸೇರಿಸುವುದು. ಎಲ್ಲರೂ ಒಳಗೆ ಹೋಗಲಿ ಎಂಬ ಸಿಟ್ಟು ಅದು. ಫಿರ್ಯಾದಿಯಲ್ಲಿ ಇಬ್ಬರಿದ್ದು ಸಾಕ್ಷ್ಯದಲ್ಲಿ ಐವರಾದರೆ, ಸೇರಿಸಿದ ಮೂವರು ಬಿಡುಗಡೆಯಾಗುವುದು ಹೆಚ್ಚುಕಡಿಮೆ ಖಚಿತ. ನಿಜವಾಗಿ ಹೊಡೆದವನಿಗೂ ಅನುಮಾನದ ಲಾಭ ಸಿಗಬಹುದು. ಒಂದು ಸುಳ್ಳಿಗೆ ಇಡೀ ಸಾಕ್ಷ್ಯವನ್ನೇ ಎಸೆಯುವ ಪದ್ಧತಿ ಭಾರತದಲ್ಲಿಲ್ಲ, ತೊಗರಿ ಕೇರಿದಂತೆ ಕಾಳು-ಹೊಟ್ಟು ಬೇರೆ ಮಾಡುತ್ತಾರೆ. ಆದರೆ ಎರಡೂ ಬೇರ್ಪಡದಷ್ಟು ಕಲಸಿದ್ದರೆ ನ್ಯಾಯಾಲಯವೂ ಕೈಚೆಲ್ಲುತ್ತದೆ.

ತೂಗುವ ಬಗೆ

ಗಾಯಾಳುವಿನ ಸಾಕ್ಷ್ಯಕ್ಕೆ ವಿಶೇಷ ತೂಕವಿದೆ ಎಂದು ಸುಪ್ರೀಂ ಕೋರ್ಟು 2010ರ ಅಬ್ದುಲ್ ಸಯೀದ್ ತೀರ್ಪಿನಲ್ಲಿ ಹೇಳಿದೆ. ಮೈಮೇಲಿನ ಗಾಯವೇ ಅವರು ಸ್ಥಳದಲ್ಲಿದ್ದರು ಎನ್ನುತ್ತದೆ. ತನ್ನನ್ನು ಹೊಡೆದವನನ್ನು ಬಿಟ್ಟು ಬೇರೊಬ್ಬನನ್ನು ಸಿಲುಕಿಸುವವರು ಅಪರೂಪ. ಸಾಕ್ಷಿಗಳ ಸಂಖ್ಯೆಯೂ ಮುಖ್ಯವಲ್ಲ. ಪೂರ್ತಿ ನಂಬುವಂತಿದ್ದರೆ ಒಬ್ಬರೇ ಸಾಕು, ಅರೆಬರೆ ನಂಬುವಂತಿದ್ದರೆ ಬೇರೆ ಆಧಾರ ಬೇಕು ಎಂಬ 1957ರ ವಡಿವೇಲು ತೇವರ್ ತೀರ್ಪು ಇಂದಿಗೂ ಅಳತೆಗೋಲು. ಹೊಡೆತ ಎರಡೋ ಮೂರೋ, ಗಂಟೆ ಏಳೋ ಎಂಟೋ ಎಂಬ ತಪ್ಪುಗಳನ್ನು ಹೈಕೋರ್ಟು ದೊಡ್ಡದು ಮಾಡುವುದಿಲ್ಲ. ಕೊಡಲಿ ಏಟು ಎಂದು ನೀವು ಹೇಳಿ, ಗಾಯದ ಪ್ರಮಾಣಪತ್ರದಲ್ಲಿ ಬರೀ ತರಚುಗಾಯವಿದ್ದರೆ ಅದು ದೊಡ್ಡದೇ.

ಖುಲಾಸೆಯಾದರೆ

ಇಲ್ಲಿ ಏರು ಕಡಿದು. 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ಪ್ರಕಾರ ಹೈಕೋರ್ಟು ಸಾಕ್ಷ್ಯವನ್ನೆಲ್ಲ ಮತ್ತೆ ತೂಗಬಹುದು; ಆದರೆ ಎರಡು ನಿಲುವು ಸಾಧ್ಯವಿದ್ದಲ್ಲಿ ಖುಲಾಸೆಯನ್ನು ಕದಲಿಸಬಾರದು. ‘ನಮ್ಮ ಸಾಕ್ಷಿ ಗಟ್ಟಿಯಿತ್ತು’ ಎಂದರೆ ಸಾಲದು, ಕೆಳಗಿನ ಕೋರ್ಟಿನ ಓದು ಎಲ್ಲಿ ದಾರಿ ತಪ್ಪಿತು ಎಂದು ತೋರಿಸಬೇಕು.

ಸರ್ಕಾರ ಸುಮ್ಮನಿದ್ದರೂ ನೀವು ಹೋಗಬಹುದು. ಬಾಗಲಕೋಟೆಯಿಂದ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, ಖುಲಾಸೆಯ ವಿರುದ್ಧದ ಸಂತ್ರಸ್ತರ ಮೇಲ್ಮನವಿಗೆ ಮುಂಗಡ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 12ರಂದು ತೀರ್ಪಿತ್ತಿತು. ಈಗ ಈ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಮಿನಲ್ಲಿದೆ. ಖುಲಾಸೆ, ಕಡಿಮೆ ತೀವ್ರತೆಯ ಅಪರಾಧಕ್ಕಷ್ಟೇ ಶಿಕ್ಷೆ, ಸಾಲದ ಪರಿಹಾರ, ಈ ಮೂರಕ್ಕೆ ಅನ್ವಯ. ಶಿಕ್ಷೆ ಕಡಿಮೆಯಾಯಿತು ಎಂಬುದಕ್ಕೆ ಸರ್ಕಾರವೇ ಹೋಗಬೇಕು.

ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಆದಾಯದ ಮಿತಿ ಇಲ್ಲ.